ತುಕ್ಕು ಹಿಡಿಯದ ಕತೆ: ಬಿಲ್ಬಾವೊ ಮತ್ತು ಪ್ರವಾಸಿಯ ಕಣ್ಣು

ಸ್ಪೇನಿನ ಉತ್ತರ ತುದಿಯಲ್ಲಿರುವ ಬಿಲ್ಬಾವೊ ಎಂಬ ಊರಿನ ಬಗ್ಗೆ ಬರೆಯುವವರೆಲ್ಲ ಹೆಚ್ಚುಕಡಿಮೆ ಒಂದೇ ಕತೆ ಹೇಳುತ್ತಾರೆ. ಒಂದು ಕಾಲಕ್ಕೆ ಅದು ಕಬ್ಬಿಣ, ಹೊಗೆ ಮತ್ತು ಮಸಿಯ ಊರಾಗಿತ್ತು. ನದಿಯಲ್ಲಿ ನೀರಿಗಿಂತ ಕೊಳೆಯೇ ಹೆಚ್ಚು. ಕಾರ್ಖಾನೆಗಳು ಮುಚ್ಚಿದವು, ಜನ ಕಂಗಾಲಾದರು. 1997ರಲ್ಲಿ ಫ್ರಾಂಕ್ ಗೆಹ್ರಿ ಎಂಬ ವಾಸ್ತುಶಿಲ್ಪಿ ನದಿಯ ದಡದಲ್ಲಿ ಗುಗನ್‌ಹೈಮ್ ಮ್ಯೂಸಿಯಂ ಕಟ್ಟಿದ, ಟೈಟಾನಿಯಂ ತಗಡುಗಳು ಬಿಸಿಲಿಗೆ ಹೊಳೆದವು, ಊರಿಗೆ ಜೀವ ಬಂತು. ಇದಕ್ಕೆ 'ಬಿಲ್ಬಾವೊ ಪರಿಣಾಮ' ಎಂಬ ಹೆಸರೂ ಬಿದ್ದಿದೆ. ಪ್ರವಾಸಿ ಪತ್ರಿಕೆಗಳಲ್ಲಿ, ವಿಮಾನದ ಸೀಟಿನ ಹಿಂದೆ ಸಿಕ್ಕಿಸಿಟ್ಟ ಪುಸ್ತಿಕೆಗಳಲ್ಲಿ, ನಗರಯೋಜನೆಯ ಲೇಖನಗಳಲ್ಲಿ ಇದೇ ಕತೆ ಬೇರೆ ಬೇರೆ ಉದ್ದಗಳಲ್ಲಿ ಸಿಗುತ್ತದೆ. ಪ್ರವಾಸ ಸಾಹಿತ್ಯ ನನ್ನ ಸಂಶೋಧನೆಯ ವಿಷಯವಾದ್ದರಿಂದ ಇಂಥವನ್ನು ಗುಡ್ಡೆಹಾಕಿಕೊಂಡು ಓದುವುದು ನನಗೆ ಕೆಲಸವೂ ಹೌದು, ಚಟವೂ ಹೌದು. ಕಳೆದ ವರ್ಷ ಒಂದು ವಿಚಾರಸಂಕಿರಣದ ನೆಪದಲ್ಲಿ ಆ ಊರಿನಲ್ಲಿ ನಾಲ್ಕು ದಿನ ಇರುವ ಅವಕಾಶವೂ ಸಿಕ್ಕಿತು.

ಈ ಕತೆಯ ಅಚ್ಚು ನಮಗೆ ಹೊಸದಲ್ಲ. ಇದು ಅಹಲ್ಯೋದ್ಧಾರ. ಶಿಲೆಯಾಗಿ ಬಿದ್ದಿದ್ದವಳು, ಹೊರಗಿನಿಂದ ಬಂದ ಮಹಾಪುರುಷನೊಬ್ಬನ ಪಾದ ಸೋಕಿದ ಕ್ಷಣಕ್ಕೆ ಎದ್ದು ಕುಳಿತಳು. ಕತೆಯ ಬೆಳಕೆಲ್ಲ ಆ ಸ್ಪರ್ಶದ ಮೇಲೆ. ಶಿಲೆಯಾಗಿದ್ದಷ್ಟು ಕಾಲ ಅವಳು ಏನು ಯೋಚಿಸುತ್ತಿದ್ದಳು ಎಂಬುದು ಅಲ್ಲಿ ಬರುವುದಿಲ್ಲ. ಬಿಲ್ಬಾವೊ ಕತೆಯಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಶಾಪ ಕೊಟ್ಟವರ ಹೆಸರನ್ನೂ ಬಿಟ್ಟುಬಿಡುತ್ತದೆ. ರಾಮಾಯಣ ಕನಿಷ್ಠ ಗೌತಮನ ಹೆಸರನ್ನಾದರೂ ಹೇಳುತ್ತದೆ!

ಶಾಪದ ಭಾಗವನ್ನು ಸ್ವಲ್ಪ ನೋಡೋಣ. ಬಿಲ್ಬಾವೊದ ಸುತ್ತಲ ಗುಡ್ಡಗಳ ಅದಿರಿನಲ್ಲಿ ರಂಜಕದ ಅಂಶ ತೀರಾ ಕಡಿಮೆ. 1856ರಲ್ಲಿ ಬೆಸಿಮರ್ ವಿಧಾನ ಬಂದಾಗ ಉಕ್ಕು ತಯಾರಿಸಲು ಬೇಕಾದದ್ದು ಅಂಥದ್ದೇ ಅದಿರು. ಬ್ರಿಟನ್ನಿನ ಕುಲುಮೆಗಳು ಅದಕ್ಕಾಗಿ ಬಾಯಿತೆರೆದು ಕೂತವು. ಹಡಗುಗಳು ಅದಿರು ಹೊತ್ತು ಹೋಗಿ ಕಲ್ಲಿದ್ದಲು ಹೊತ್ತು ಬಂದವು. ಆ ಹಣದಿಂದ ಬ್ಯಾಂಕುಗಳು, ಹಡಗುಕಟ್ಟೆಗಳು, 1902ರಲ್ಲಿ ಮೂರು ಕಂಪನಿಗಳು ಕೂಡಿ ಆದ 'ಆಲ್ತೋಸ್ ಓರ್ನೋಸ್ ದೆ ವಿಸ್ಕಾಯಾ' ಎಂಬ ದೈತ್ಯ ಉಕ್ಕಿನ ಕಾರ್ಖಾನೆ ಹುಟ್ಟಿಕೊಂಡವು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು, ಏಷ್ಯಾದ ಹಡಗುಕಟ್ಟೆಗಳ ಪೈಪೋಟಿ, 1986ರಲ್ಲಿ ಸ್ಪೇನ್ ಯುರೋಪಿನ ಆರ್ಥಿಕ ಸಮುದಾಯಕ್ಕೆ ಸೇರುವಾಗ 'ಕೈಗಾರಿಕಾ ಮರುಹೊಂದಾಣಿಕೆ' ಎಂಬ ನಯವಾದ ಹೆಸರಿನಲ್ಲಿ ಸರ್ಕಾರವೇ ನಡೆಸಿದ ಬಾಗಿಲು ಮುಚ್ಚುವ ಕೆಲಸ: ಇವೆಲ್ಲ ಸೇರಿ ಆದದ್ದು ಆ ಶಾಪ. ಅದು ವಿಧಿ ಬರೆದದ್ದಲ್ಲ, ಕಡತಗಳಲ್ಲಿ ಸಹಿ ಬಿದ್ದು ಆದದ್ದು.

ಉದ್ಧಾರದ ಭಾಗವೂ ಒಂದೇ ಸ್ಪರ್ಶದಿಂದ ಆದದ್ದಲ್ಲ. 1983ರ ಆಗಸ್ಟಿನಲ್ಲಿ ನದಿ ಉಕ್ಕಿ ಹಳೆಯ ಪೇಟೆಯ ಏಳು ಬೀದಿಗಳು ಮುಳುಗಿದ ಮೇಲೆ ಊರು ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳತೊಡಗಿತ್ತು. ನದಿಗೆ ಸೇರುತ್ತಿದ್ದ ಕೊಳಚೆಯನ್ನು ಹಿಡಿದು ಶುದ್ಧೀಕರಿಸುವ ವ್ಯವಸ್ಥೆಗೆ ದಶಕಗಳ ಕಾಲ ಸುರಿದ ಹಣ ಮ್ಯೂಸಿಯಂನ ಖರ್ಚಿಗಿಂತ ಎಷ್ಟೋ ಪಟ್ಟು ಹೆಚ್ಚು. ನದಿದಂಡೆಯ ಜಾಗಗಳನ್ನು ಒಟ್ಟುಗೂಡಿಸಲು 'ಬಿಲ್ಬಾವೊ ರಿಯಾ 2000' ಎಂಬ ಸಂಸ್ಥೆ ಹುಟ್ಟಿದ್ದು 1992ರಲ್ಲಿ. ನಾರ್ಮನ್ ಫಾಸ್ಟರ್ ವಿನ್ಯಾಸದ ಮೆಟ್ರೊ ಓಡಿದ್ದು 1995ರಲ್ಲಿ. ಮ್ಯೂಸಿಯಂ ಬಂದದ್ದು ಇವೆಲ್ಲದರ ನಂತರ. ಆದರೆ ಚರಂಡಿಯ ಮೇಲೆ ಯಾರೂ ಪ್ರವಾಸ ಕಥನ ಬರೆಯುವುದಿಲ್ಲವಲ್ಲ.

ಇದರರ್ಥ ಮ್ಯೂಸಿಯಂ ಬರೀ ಥಳುಕು ಎಂದಲ್ಲ. ಜಿಟಿಜಿಟಿ ಮಳೆಯಲ್ಲಿ (ಅಲ್ಲಿಯವರು ಅದಕ್ಕೆ 'ಸಿರಿಮಿರಿ' ಎನ್ನುತ್ತಾರೆ, ಕಿವಿಗೆ ಎಷ್ಟು ಹತ್ತಿರದ ಪದ!) ಸೇತುವೆಯ ಮೇಲೆ ನಿಂತು ನೋಡಿದಾಗ ಆ ಕಟ್ಟಡ ಮೀನಿನ ಮೈಯಂತೆ ಬಣ್ಣ ಬದಲಿಸುತ್ತದೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ತಗಡುಗಳು ಅವು. ನನ್ನನ್ನು ಕಾಡಿದ್ದು ಮಾತ್ರ ಒಳಗಿನ ಒಂದು ಕೃತಿ. ರಿಚರ್ಡ್ ಸೆರಾ 2005ರಲ್ಲಿ ಅಲ್ಲಿನ ಅತಿ ದೊಡ್ಡ ಅಂಗಳದಲ್ಲಿ ಉಕ್ಕಿನ ಬಾಗಿದ ಗೋಡೆಗಳ ಸಾಲನ್ನೇ ನಿಲ್ಲಿಸಿದ್ದಾನೆ. ಒಳಹೊಕ್ಕು ನಡೆದರೆ ಗೋಡೆ ಮೈಮೇಲೆ ಬಾಗುತ್ತದೆ, ದಾರಿ ಕಿರಿದಾಗುತ್ತದೆ, ಹೆಜ್ಜೆಯ ಸದ್ದು ಬೇರೆಲ್ಲಿಂದಲೋ ಮರಳುತ್ತದೆ. ಮೈಯೆಲ್ಲ ಕೆಂಗಂದು ತುಕ್ಕು. ಸೆರಾ ತನ್ನ ಹರೆಯದಲ್ಲಿ ಓದಿನ ಖರ್ಚಿಗಾಗಿ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವನು. ಆ ಲೋಹದ ತೂಕ ಅವನಿಗೆ ಗೊತ್ತು. ಆದರೆ ಆ ಉಕ್ಕಿನ ಹಲಗೆಗಳನ್ನು ಬಾಗಿಸಿ ಸಿದ್ಧಪಡಿಸಿದ್ದು ಜರ್ಮನಿಯಲ್ಲಿ. ಅಷ್ಟು ಹೊತ್ತಿಗೆ ಬಿಲ್ಬಾವೊದ ದೈತ್ಯ ಕಾರ್ಖಾನೆ ಮುಚ್ಚಿ ಒಂಬತ್ತು ವರ್ಷಗಳಾಗಿದ್ದವು. ಒಂದು ಶತಮಾನ ಜಗತ್ತಿಗೆ ಕಬ್ಬಿಣ ಕಳಿಸಿದ ಊರು ತನ್ನ ಅತ್ಯಂತ ಭಾರವಾದ ಕಲಾಕೃತಿಯ ಉಕ್ಕನ್ನು ಹೊರಗಿನಿಂದ ತರಿಸಿಕೊಂಡಿದೆ. ತುಕ್ಕು ಈಗ ಒಂದು ಶೈಲಿ. ಆ ಲೋಹದ ಮೇಲ್ಮೈ ಒಂದು ಹದಕ್ಕೆ ತುಕ್ಕು ಹಿಡಿದು ಅಲ್ಲಿಗೇ ನಿಲ್ಲುವಂತೆ ತಯಾರಾಗಿದೆ.

ಅಲ್ಲಿಂದ ನದಿಗುಂಟ ಹದಿನೈದು ನಿಮಿಷ ನಡೆದರೆ ಎವುಸ್ಕಾಲ್ದುನಾ ಭವನ. 1999ರಲ್ಲಿ ತೆರೆದ ಈ ಸಭಾಂಗಣದಲ್ಲಿ ಒಪೆರಾ ನಡೆಯುತ್ತದೆ. ಅದೂ ತುಕ್ಕಿನ ಬಣ್ಣದ ಉಕ್ಕಿನದೇ. ಕಟ್ಟುತ್ತಾ ಅರ್ಧಕ್ಕೆ ಬಿಟ್ಟ ಹಡಗಿನಂತೆ ಕಾಣಲಿ ಎಂದು ವಿನ್ಯಾಸ ಮಾಡಿದ್ದಾರೆ, ಏಕೆಂದರೆ ಅದು ನಿಂತಿರುವುದು ಎವುಸ್ಕಾಲ್ದುನಾ ಹಡಗುಕಟ್ಟೆಯ ನೆಲದಲ್ಲಿ. 1984ರ ಶರತ್ಕಾಲದಲ್ಲಿ ಆ ಹಡಗುಕಟ್ಟೆ ಮುಚ್ಚುವುದನ್ನು ವಿರೋಧಿಸಿ ಕಾರ್ಮಿಕರು ವಾರಗಟ್ಟಲೆ ದೆಉಸ್ತೊ ಸೇತುವೆಯ ಆಸುಪಾಸಿನಲ್ಲಿ ಪೊಲೀಸರೊಂದಿಗೆ ಸೆಣಸಿದರು. ಅಡ್ಡಗಟ್ಟೆಗಳು, ಕವಣೆಗಳು, ರಬ್ಬರ್ ಗುಂಡುಗಳು. ಆ ನವೆಂಬರಿನಲ್ಲಿ ಒಬ್ಬ ಕಾರ್ಮಿಕ ಸತ್ತ. ಈಗ ಅಲ್ಲಿ ಉಳಿದಿರುವುದು ಕೆಂಪು ಬಣ್ಣ ಬಳಿದ ಒಂದು ಕ್ರೇನು. ಅದಕ್ಕೆ 'ಕರೋಲಾ' ಎಂಬ ಹೆಸರು. ಆ ದಾರಿಯಲ್ಲಿ ದಿನವೂ ಹಾದುಹೋಗುತ್ತಿದ್ದ ಒಬ್ಬ ಚೆಲುವೆಯ ಹೆಸರಂತೆ, ಅವಳನ್ನು ನೋಡಲು ಕೆಲಸವೇ ನಿಲ್ಲುತ್ತಿತ್ತಂತೆ. ಪ್ರವಾಸಿ ಬರಹಗಳಿಗೆ ಈ ಕತೆ ತುಂಬ ಇಷ್ಟ. ಮುಷ್ಕರಕ್ಕೆ ಸಿಗದ ಜಾಗ ಚೆಲುವೆಗೆ ಸಿಗುತ್ತದೆ. ಹಾಗೆಯೇ ಮ್ಯೂಸಿಯಂ ಎದುರಿನ ಹೂವಿನ ನಾಯಿಮರಿಯ ಪಕ್ಕ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಉದ್ಘಾಟನೆಗೆ ಐದು ದಿನ ಮೊದಲು, ಅದರ ಹೂಕುಂಡಗಳಲ್ಲಿ ಸ್ಫೋಟಕ ಅಡಗಿಸಿ ತಂದಿದ್ದ ಈಟಾ ಉಗ್ರರನ್ನು ಅನುಮಾನಿಸಿದ ಬಾಸ್ಕ್ ಪೊಲೀಸನೊಬ್ಬ ಅಲ್ಲೇ ಗುಂಡೇಟಿಗೆ ಬಲಿಯಾದದ್ದು ಕಡಿಮೆ ಬರಹಗಳಲ್ಲಿ ಬರುತ್ತದೆ.

ಹಾಗಾದರೆ ನಾಲ್ಕು ದಿನದ ಪ್ರವಾಸಿಗೆ ಇದಕ್ಕಿಂತ ಹೆಚ್ಚು ಕಾಣುವುದು ಸಾಧ್ಯವೇ ಇಲ್ಲವೆ? ನಮ್ಮ ವಿಮರ್ಶೆಯಲ್ಲಿ ಒಂದು ಸಿದ್ಧ ಉತ್ತರವಿದೆ: ಹೊರಗಿನವನು ಮೇಲ್ಪದರ ನೋಡುತ್ತಾನೆ, ಒಳಗಿನವನು ಆಳ ಕಾಣುತ್ತಾನೆ. ಕಾರಂತರ 'ಅಪೂರ್ವ ಪಶ್ಚಿಮ'ದಿಂದ 'ಅಮೆರಿಕದಲ್ಲಿ ಗೊರೂರು'ವರೆಗೆ ಕನ್ನಡದ ಪ್ರವಾಸ ಕಥನಗಳನ್ನು ಓದುವಾಗಲೂ ಈ ಅಳತೆಗೋಲನ್ನೇ ಹಿಡಿದು ಓದುವವರಿದ್ದಾರೆ. ಬಿಲ್ಬಾವೊದ ಸಾಹಿತ್ಯ ಈ ಅಳತೆಗೋಲನ್ನು ಮುರಿಯುತ್ತದೆ ಎಂಬುದು ನನ್ನ ವಾದ.

ಒಳಗಿನವನಿಂದಲೇ ಶುರುಮಾಡೋಣ. ಮಿಗೆಲ್ ದೆ ಉನಾಮುನೊ 1864ರಲ್ಲಿ ಬಿಲ್ಬಾವೊದ ಹಳೆಯ ಪೇಟೆಯಲ್ಲೇ ಹುಟ್ಟಿದ. ಬಾಲಕನಾಗಿದ್ದಾಗ ಕಾರ್ಲಿಸ್ಟ್ ಯುದ್ಧದಲ್ಲಿ ಊರಿಗೆ ಬಿದ್ದ ಮುತ್ತಿಗೆಯನ್ನು ಕಣ್ಣಾರೆ ಕಂಡವನು. ಆ ನೆನಪಿನಿಂದ 1897ರಲ್ಲಿ 'ಯುದ್ಧದೊಳಗಿನ ಶಾಂತಿ' ಎಂಬ ಅರ್ಥದ ಹೆಸರಿನ ಕಾದಂಬರಿ ಬರೆದ. ಅಂಗಡಿ, ಓಣಿ, ವ್ಯಾಪಾರಿಗಳ ಮಾತುಕತೆ, ಎಲ್ಲವೂ ಅದರಲ್ಲಿ ಜೀವಂತ. ಅದು ಪ್ರಕಟವಾಗುವ ಹೊತ್ತಿಗೆ ನದಿಯ ಎಡದಂಡೆಯಲ್ಲಿ ಕುಲುಮೆಗಳು ಹಗಲಿರುಳು ಉರಿಯುತ್ತಿದ್ದವು. ಆದರೂ ಕಾದಂಬರಿ ಪೇಟೆಯ ಬಿಲ್ಬಾವೊವನ್ನು ಬಿಟ್ಟು ಅತ್ತ ಸುಳಿಯುವುದಿಲ್ಲ. ಅದರ ಕತೆ ಹಿಂದಿನ ಕಾಲದ್ದು, ಆ ಮಾತು ಸರಿ. ಆದರೂ ಒಬ್ಬ ಲೇಖಕ ತನ್ನ ಊರಿನ ಯಾವ ಕಾಲವನ್ನು 'ನನ್ನ ಊರು' ಎಂದು ಕರೆಯುತ್ತಾನೆ ಎಂಬುದೂ ಒಂದು ಆಯ್ಕೆಯೇ.

ಗಣಿಗಳ ಒಳಗೆ ಹೊಕ್ಕವನು ಹೊರಗಿನವನು. ವೆಲೆನ್ಸಿಯಾದ ವಿಸೆಂತೆ ಬ್ಲಾಸ್ಕೊ ಇಬಾನ್ಯೆಸ್ 1904ರಲ್ಲಿ 'ಎಲ್ ಇನ್ತ್ರುಸೊ' ಬರೆದ. 'ಒಳನುಗ್ಗಿದವನು' ಎಂದು ಅನುವಾದಿಸಬಹುದು. ಗಣಿಪ್ರದೇಶದ ವೈದ್ಯನೊಬ್ಬ, ಅವನ ಬಂಧುವಾದ ಕೋಟ್ಯಧಿಪತಿ ಉದ್ಯಮಿ, ಆ ಮನೆಯೊಳಗೆ ಮೆಲ್ಲಗೆ ಹಿಡಿತ ಸಾಧಿಸುವ ಜೆಸ್ಯೂಟ್ ಪಾದ್ರಿಗಳು, ಕೊನೆಗೆ ಬೀದಿಯಲ್ಲಿ ಯಾತ್ರಿಕರಿಗೂ ಕಾರ್ಮಿಕರಿಗೂ ಹೊಡೆದಾಟ. ಕಾದಂಬರಿಯಾಗಿ ಇದಕ್ಕೆ ದೊಡ್ಡ ದೋಷಗಳಿವೆ. ಪಾತ್ರಗಳು ಮಾತಾಡುವುದಿಲ್ಲ, ಭಾಷಣ ಮಾಡುತ್ತವೆ. ಪ್ರಗತಿಶೀಲರ ಕಾಲದ ನಮ್ಮ ಕೆಲವು ಕಾದಂಬರಿಗಳನ್ನು ಓದಿದವರಿಗೆ ಈ ದಣಿವು ಪರಿಚಿತ. ಆದರೆ ಗುಡ್ಡ ಅಗೆಯುವವರ ಬ್ಯಾರಕ್ಕುಗಳನ್ನು, ಅಲ್ಲಿನ ವಾಸನೆಯನ್ನು, ಮೈಮುರಿಯುವ ದುಡಿಮೆಯನ್ನು ಪುಟದ ಮೇಲೆ ತಂದದ್ದು ಈ ಒರಟು ಪುಸ್ತಕವೇ. ಕಂಪನಿಯ ಗುತ್ತಿಗೆದಾರರ ಬ್ಯಾರಕ್ಕಿನಲ್ಲೇ ಮಲಗಬೇಕು, ಅವರ ಅಂಗಡಿಯಲ್ಲೇ ಸಾಮಾನು ಕೊಳ್ಳಬೇಕು ಎಂಬ ಕಟ್ಟಳೆಯ ವಿರುದ್ಧ ಆ ಗಣಿಗಳಲ್ಲಿ 1890ರಲ್ಲಿ ಭಾರಿ ಮುಷ್ಕರ ನಡೆದಿತ್ತು. ಕಾಫಿ ತೋಟದ ಲೈನುಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಲಾಸ್ಕೊ ಅಲ್ಲಿಯವನಲ್ಲ. ಆದರೆ ಅವನ ಬಳಿ ಒಂದು ಪ್ರಶ್ನೆಯಿತ್ತು: ಈ ಊರಿನ ಹಣ ಎಲ್ಲಿಂದ ಬರುತ್ತಿದೆ? ಆ ಪ್ರಶ್ನೆಯೇ ಅವನನ್ನು ಪೇಟೆಯಿಂದ ಗುಡ್ಡಕ್ಕೆ ಹತ್ತಿಸಿತು. ಅವನು ಅಲ್ಲಿ ಎಷ್ಟು ದಿನ ಇದ್ದ ಎಂಬ ಲೆಕ್ಕಕ್ಕಿಂತ ಇದು ಮುಖ್ಯ.

ಇನ್ನು ನಮ್ಮ ಕಾಲದ ಕಿರ್ಮೆನ್ ಉರಿಬೆ. ಬಾಸ್ಕ್ ಭಾಷೆಯಲ್ಲಿ 2008ರಲ್ಲಿ ಬಂದ ಅವನ 'ಬಿಲ್ಬಾವೊ-ನ್ಯೂಯಾರ್ಕ್-ಬಿಲ್ಬಾವೊ' ಮರುವರ್ಷ ಸ್ಪೇನಿನ ರಾಷ್ಟ್ರೀಯ ಕಥನ ಪ್ರಶಸ್ತಿ ಪಡೆಯಿತು. ನನಗೆ ಸಿಕ್ಕಿದ್ದು ಎಲಿಜಬೆತ್ ಮ್ಯಾಕ್ಲಿನ್ ಮಾಡಿದ ಇಂಗ್ಲಿಷ್ ಅನುವಾದ. ನಿರೂಪಕ ಬಿಲ್ಬಾವೊದಿಂದ ನ್ಯೂಯಾರ್ಕಿಗೆ ಹಾರುತ್ತಿದ್ದಾನೆ. ವಿಮಾನದ ಪರದೆಯ ಮೇಲೆ ಎತ್ತರ, ವೇಗ, ಉಳಿದ ದೂರ ಮೂಡುತ್ತಿರುವಾಗ ಅವನ ಮನಸ್ಸು ಒಂದರೊಟ್ಟಿ ಎಂಬ ಮೀನುಗಾರರ ಊರಿನ ತನ್ನ ಅಜ್ಜ, ಅವನ ದೋಣಿ, ಅಂತರ್ಯುದ್ಧ, ಚಿತ್ರಕಾರ ಔರೆಲಿಯೊ ಅರ್ತೆತಾ, ಹೀಗೆ ಒಂದರಿಂದೊಂದಕ್ಕೆ ಹರಿಯುತ್ತದೆ. ಸಾವು ಸಮೀಪಿಸಿದೆ ಎಂದು ತಿಳಿದ ಅಜ್ಜ ಸೊಸೆಯನ್ನು ಕರೆದುಕೊಂಡು ಬಿಲ್ಬಾವೊದ ಲಲಿತಕಲಾ ಮ್ಯೂಸಿಯಂಗೆ ಅರ್ತೆತಾನ ಚಿತ್ರ ನೋಡಲು ಹೋದನೆಂಬ ಪ್ರಸಂಗ ಕಾದಂಬರಿಯ ಗಂಟು. ಬಹಳ ಸೊಗಸಾದ ಗಂಟು ಅದು. ಹೊಳೆಯುವ ಹೊಸ ಮ್ಯೂಸಿಯಂ ಬಿಟ್ಟು ಹಳೆಯ ಮ್ಯೂಸಿಯಂಗೆ ಓದುಗರನ್ನು ಕರೆದೊಯ್ಯುವ ಆ ನಡೆಯೇ ಒಂದು ಟೀಕೆ ಎಂದು ನಾನು ಓದಿಕೊಂಡೆ.

ಆದರೂ ಹೆಸರಿನಲ್ಲಿ ಎರಡು ಸಲ ಬಿಲ್ಬಾವೊ ಇರುವ ಈ ಕಾದಂಬರಿಯಲ್ಲಿ ಬಿಲ್ಬಾವೊ ಬಹುಪಾಲು ಒಂದು ವಿಮಾನ ನಿಲ್ದಾಣ. ಕಡಲು ಇದೆ, ಕುಲುಮೆ ಇಲ್ಲ. ಉರಿಬೆಯ ಪಾತ್ರಗಳು ಮೀನುಗಾರರು, ಕಲಾವಿದರು. ಬಾಸ್ಕ್ ನುಡಿ ಬೇರೂರಿದ ಕರಾವಳಿಯವರು. ಎಡದಂಡೆಯ ಕಾರ್ಮಿಕರು ಬಂದದ್ದು ಕಾಸ್ತೀಲ್, ಗಲೀಸಿಯಾ, ಎಸ್ತ್ರೆಮದೂರಾದಂಥ ಕಡೆಗಳಿಂದ. ಅವರ ಮಾತು ಸ್ಪ್ಯಾನಿಷ್. ಅವರನ್ನು ಹಂಗಿಸಲು 'ಮಾಕೆತೊ' ಎಂಬ ಬೈಗುಳವೇ ಚಾಲ್ತಿಯಲ್ಲಿತ್ತು. ಒಂದು ಸಣ್ಣ ಭಾಷೆ ತನ್ನ ನೆನಪನ್ನು ಕಟ್ಟಿಕೊಳ್ಳುವಾಗ ತನ್ನ ನೆಲದಲ್ಲೇ ದುಡಿದ ಬೇರೆ ಭಾಷೆಯವರನ್ನು ಎಲ್ಲಿಡಬೇಕು? ಕಾದಂಬರಿ ಈ ಪ್ರಶ್ನೆಯ ಮೇಲಿಂದ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರಿಹೋಗುತ್ತದೆ. ಕನ್ನಡದಲ್ಲಿ ಓದುವ ಬರೆಯುವ ನಾವು ಈ ಪ್ರಶ್ನೆಯನ್ನು ಸುಲಭವಾಗಿ ದಾಟಲಾರೆವು, ಹಾಗಾಗಿಯೇ ಇದನ್ನು ಎತ್ತುತ್ತಿದ್ದೇನೆ.

ಇಲ್ಲಿ ಉನಾಮುನೊ ಮತ್ತೆ ಬರುತ್ತಾನೆ. 1888ರಲ್ಲಿ ಬಿಲ್ಬಾವೊದಲ್ಲಿ ಬಾಸ್ಕ್ ಭಾಷೆಯ ಅಧ್ಯಾಪಕ ಹುದ್ದೆಗೆ ಸ್ಪರ್ಧಿಸಿದ್ದ ಇದೇ ಉನಾಮುನೊ, 1901ರಲ್ಲಿ ಅದೇ ಊರಿನ ಸಾಹಿತ್ಯೋತ್ಸವದ ವೇದಿಕೆಯಲ್ಲಿ ನಿಂತು ಆ ಭಾಷೆ ಸಾಯುತ್ತಿದೆ, ಅದನ್ನು ಗೌರವದಿಂದ ಮಣ್ಣುಮಾಡಿ ಮುಂದೆ ಹೋಗೋಣ ಎಂಬರ್ಥದ ಭಾಷಣ ಮಾಡಿದ. ಸಭೆ ಕೆರಳಿತು. ಆಧುನಿಕ ಕೈಗಾರಿಕೆ ಮತ್ತು ಸಣ್ಣ ಭಾಷೆ ಒಟ್ಟಿಗೆ ಬಾಳಲಾರವು ಎಂಬುದು ಅವನ ತೀರ್ಮಾನ. ಕೈಗಾರಿಕೆ ಸತ್ತು ಭಾಷೆ ಉಳಿದದ್ದನ್ನು ನೋಡಲು ಅವನಿರಲಿಲ್ಲ.

ನನ್ನ ನಾಲ್ಕು ದಿನಗಳಲ್ಲಿ ಎರಡು ದಿನ ಜೊತೆಗಿದ್ದದ್ದು ಸಂಕಿರಣದಲ್ಲಿ ಪರಿಚಯವಾದ ಒಬ್ಬ ಸಂಶೋಧಕಿ. ನನ್ನ ವಯಸ್ಸಿನವಳೇ, ಬರಕಾಲ್ದೊದವಳು. ಅವಳ ಅಜ್ಜ ಎಸ್ತ್ರೆಮದೂರಾದಿಂದ ಬಂದು ಉಕ್ಕಿನ ಕಾರ್ಖಾನೆಗೆ ಸೇರಿದವರು. ಬಾಸ್ಕ್ ಭಾಷೆಯ ಒಂದು ಪದವೂ ಅವರಿಗೆ ಬರುತ್ತಿರಲಿಲ್ಲವಂತೆ. ಅವಳು ಓದಿದ್ದು ಬಾಸ್ಕ್ ಮಾಧ್ಯಮದ ಶಾಲೆಯಲ್ಲಿ, ಈಗ ಪ್ರಬಂಧ ಬರೆಯುತ್ತಿರುವುದೂ ಬಾಸ್ಕ್‌ನಲ್ಲೇ. 'ಎವುಸ್ಕಾಲ್ದುನ್' ಎಂಬ ಪದದ ಅರ್ಥ ಬಾಸ್ಕ್ ನುಡಿಯನ್ನು ಉಳ್ಳವನು ಎಂದಷ್ಟೇ, ಅದಕ್ಕೂ ರಕ್ತಕ್ಕೂ ಸಂಬಂಧವಿಲ್ಲ ಎಂದು ಹೇಳಿದವಳು ಅವಳೇ. ಮುಚ್ಚಿಹೋದ ಹಡಗುಕಟ್ಟೆಯ ಹೆಸರು ಅದೇ ಪದದ್ದು. ಅಲ್ಲಿ ದುಡಿದ ಎಷ್ಟೋ ಮಂದಿಗೆ ಆ ಹೆಸರು ಅನ್ವಯಿಸುತ್ತಿರಲಿಲ್ಲ, ಅವರ ಮೊಮ್ಮಕ್ಕಳಿಗೆ ಅನ್ವಯಿಸುತ್ತದೆ.

ನಾನು ಅವಳೆದುರು 'ಬಿಲ್ಬಾವೊ ಪರಿಣಾಮ'ವನ್ನು ಜರೆಯತೊಡಗಿದಾಗ ಅವಳು ಪೂರ್ತಿ ಒಪ್ಪಲಿಲ್ಲ. "ಅಜ್ಜಿ ಬಟ್ಟೆ ಒಣಹಾಕುವ ಮೊದಲು ಗಾಳಿ ಎತ್ತ ಬೀಸುತ್ತಿದೆ ಅಂತ ನೋಡುತ್ತಿದ್ದಳು. ತಪ್ಪಿದರೆ ಬಿಳಿ ಚಾದರ ಕೆಂಪಾಗುತ್ತಿತ್ತು. ಆ ಹೊಗೆಯನ್ನು ನೀವು ಕಾವ್ಯ ಮಾಡಬೇಡಿ" ಎಂದಳು. ಅಜ್ಜನಿಗೆ ಕೊನೆಯವರೆಗೂ ಕೆಮ್ಮು ಬಿಡಲಿಲ್ಲವಂತೆ. ಹಾಗಾದರೆ ಮನೆಯವರು ನೆನೆಸಿಕೊಳ್ಳುವುದು ಏನನ್ನು ಎಂದು ಕೇಳಿದೆ. ತಿಂಗಳ ಸಂಬಳ, ಯೂನಿಯನ್ ಕಚೇರಿ, ಪಾಳಿ ಮುಗಿದಾಗ ಒಟ್ಟಿಗೆ ಬರುತ್ತಿದ್ದ ನೂರಾರು ಜನ, ಎಂದಳು. ಹೊಗೆಯನ್ನಲ್ಲ, ಹೊಗೆಯ ಜೊತೆಗಿದ್ದುದನ್ನು. ಮೆಚ್ಚುವ ಪ್ರವಾಸಿ ಬರಹಗಳು ಕಾರ್ಖಾನೆಯನ್ನು ಬರೀ ಕೊಳೆ ಎಂದು ಕಾಣುತ್ತವೆ. ಅವನ್ನು ಟೀಕಿಸುವ ಬರಹಗಳು ಅದೇ ಕೊಳೆಗೆ ಒಂದು ಚೆಲುವು ಕೊಡುತ್ತವೆ. ಹಾಳುಬಿದ್ದ ಚಿಮಣಿಯ ಕಪ್ಪುಬಿಳುಪು ಫೋಟೊಗಳು ಈ ಎರಡನೆಯ ಬಗೆಗೆ ಸೇರುತ್ತವೆ. ಎರಡರಲ್ಲೂ ಸಂಬಳದ ಲಕೋಟೆ ಕಾಣುವುದಿಲ್ಲ.

ಮೂರನೆಯ ದಿನ ನಾವು ಪೋರ್ತುಗಲೆತೆಗೆ ಹೋದೆವು. 1893ರಲ್ಲಿ ಕಟ್ಟಿದ ತೂಗುತೊಟ್ಟಿಲ ಸೇತುವೆ ಅಲ್ಲಿದೆ. ಎತ್ತರದ ಕಬ್ಬಿಣದ ಚೌಕಟ್ಟಿನಿಂದ ಇಳಿಬಿಟ್ಟ ತೊಟ್ಟಿಲು ಜನರನ್ನೂ ಕಾರುಗಳನ್ನೂ ಹೊತ್ತು ನೀರಿನ ಮೇಲೆ ತೇಲಿದಂತೆ ಆಚೆ ದಡ ಮುಟ್ಟಿಸುತ್ತದೆ. 2006ರಿಂದ ಅದು ವಿಶ್ವ ಪರಂಪರೆಯ ತಾಣ. ಈಚೆ ದಡದಲ್ಲಿ ಕಾರ್ಮಿಕರ ಊರುಗಳು, ಆಚೆ ಗೆಚೊದಲ್ಲಿ ಗಣಿಮಾಲೀಕರ ಬಂಗಲೆಗಳು. ದಾಟಲು ಎರಡು ನಿಮಿಷ ಸಾಕು. ಅಲ್ಲಿಂದ ಹಿಂದಿರುಗಿ ಗುಡ್ಡ ಹತ್ತುವ ಹಳಿಗಾಡಿಯಲ್ಲಿ ಲಾ ಅರ್ಬೊಲೆದಾಗೆ ಹೋದೆವು. ಗಣಿ ಅಗೆದ ಗುಂಡಿಗಳಲ್ಲಿ ನೀರು ತುಂಬಿ ಕೆರೆಗಳಾಗಿವೆ. ಸುತ್ತ ಹಸಿರು ಹುಲ್ಲು. ಭಾನುವಾರಗಳಲ್ಲಿ ಜನ ಇಲ್ಲಿಗೆ ಬೀನ್ಸ್ ಸಾರು ಉಣ್ಣಲು ಬರುತ್ತಾರೆ. ಗೊತ್ತಿಲ್ಲದವರು ಅದನ್ನು ದೇವರು ಮಾಡಿದ ಕೆರೆ ಎಂದೇ ತಿಳಿಯಬೇಕು, ಅಷ್ಟು ಚೆನ್ನಾಗಿ ಗಾಯ ಮಾಗಿದೆ.

ಆಮೇಲೆ ಗಯಾರ್ತಾ. ಸ್ಪೇನಿನ ಅಂತರ್ಯುದ್ಧದ ದೊಡ್ಡ ದನಿಯಾದ ದೊಲೊರೆಸ್ ಇಬಾರುರಿ 1895ರಲ್ಲಿ ಗಣಿಕಾರ್ಮಿಕರ ಮನೆಯಲ್ಲಿ ಹುಟ್ಟಿದ ಊರು. ಅವಳ ಕಾಲದ ಊರು ಈಗ ಇಲ್ಲ. ಅದಿರು ಊರಿನ ಅಡಿಯಲ್ಲೇ ಇದ್ದುದರಿಂದ ಗಣಿ ಬೆಳೆಯುತ್ತಾ ಹಳೆಯ ಊರನ್ನೇ ನುಂಗಿತು, ಜನ ಪಕ್ಕದಲ್ಲಿ ಹೊಸ ಮನೆ ಕಟ್ಟಿಕೊಂಡರು. ಆ ಗಣಿಯೂ 1993ರಲ್ಲಿ ಮುಚ್ಚಿತು. ಉಳಿದಿರುವುದು ಒಂದು ಬೃಹತ್ ಗುಂಡಿ, ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗೆ. ಅದರ ಅಂಚಿನಲ್ಲಿ, ಹಳೆಯ ಕಸಾಯಿಖಾನೆಯಲ್ಲಿ ಶುರುವಾದ ಗಣಿ ಮ್ಯೂಸಿಯಂ ಇದೆ. ಹಳೆಯ ಗಣಿಕಾರ್ಮಿಕರು ಕೂಡಿಹಾಕಿದ ಗುದ್ದಲಿ, ದೀಪ, ಬುಟ್ಟಿ, ತಳ್ಳುಗಾಡಿಗಳಿಂದ ಬೆಳೆದ ಮ್ಯೂಸಿಯಂ. ಅದಿರು ತೊಳೆಯುವ ಕೆಲಸ ಹೆಂಗಸರದಾಗಿತ್ತು ಎಂದು ಸಂಶೋಧಕಿ ಒಂದು ಫೋಟೊ ತೋರಿಸಿದಳು. ನಾವಿದ್ದ ಹೊತ್ತಿನಲ್ಲಿ ಬೇರೆ ಪ್ರವಾಸಿಗಳು ಇರಲಿಲ್ಲ. ವಿವರಣೆಗಳು ಮೊದಲು ಬಾಸ್ಕ್‌ನಲ್ಲಿ, ಆಮೇಲೆ ಸ್ಪ್ಯಾನಿಷ್‌ನಲ್ಲಿ ಇದ್ದವು. ಅವಳು ಬಾಸ್ಕ್ ಸಾಲನ್ನು ಓದಿ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. 'ಬುಟ್ಟಿ ಹೊರುವವಳು' ಎಂಬಲ್ಲಿಗೆ ಬಂದಾಗ ಅವಳಿಗೆ ಇಂಗ್ಲಿಷ್ ಪದ ಹೊಳೆಯಲಿಲ್ಲ. ಎರಡೂ ಕೈಯನ್ನು ತಲೆಯ ಮೇಲಿಟ್ಟು ನಾಲ್ಕು ಹೆಜ್ಜೆ ನಡೆದು ತೋರಿಸಿದಳು.